ಉಟ್ಟ ಬಟ್ಟೆಯಲ್ಲೇ ಹೊರಟ ಮನೆ: ಪಯಸ್ವಿನಿ ದಂಡೆಯ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಅಡೂರಿನ ಸಮೀಪ, ಪಯಸ್ವಿನಿ ಹೊಳೆಯ ದಂಡೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಒಂದು ಕುಟುಂಬ ನೆರೆಗಾಲಕ್ಕೆಂದು ಬಟ್ಟೆ ಕೂಡಿಡಲು ಹೊರಟು, ಮೊದಲ ಸಲ ಕೆಟ್ಟು, ಎರಡನೆಯ ಸಲ ಒಂದು ಹದಕ್ಕೆ ಬಂದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಮನೆ ನನ್ನ ಅಕ್ಕನದು. ಮೊದಲ ಸಲ ಕೆಟ್ಟದ್ದಕ್ಕೆ ಮುಖ್ಯ ಕಾರಣ ನಾನು ಕೊಟ್ಟ ಸಲಹೆ. ಆದ್ದರಿಂದ ಇದನ್ನು ಬರೆಯುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ.

ಆಗ ಮನೆಯಲ್ಲಿದ್ದವರು ಆರು ಮಂದಿ: ಎಪ್ಪತ್ತನಾಲ್ಕು ವರ್ಷದ ಅತ್ತೆ, ಅಂದರೆ ಅಕ್ಕನ ಅತ್ತೆ, ಭಾವ, ಅಕ್ಕ, ಸೊಸೆ, ಅವಳ ನಾಲ್ಕು ತಿಂಗಳ ಕೂಸು, ಮತ್ತು ಆರನೆಯ ತರಗತಿಯಲ್ಲಿದ್ದ ಅಕ್ಕನ ಕಿರಿಯ ಮಗಳು. ಸೊಸೆಯ ಗಂಡ ಗಲ್ಫಿನಲ್ಲಿದ್ದ. ಮಳೆಗಾಲದಲ್ಲಿ ಹೊಳೆ ತೋಟದ ಕೆಳಸಾಲುಗಳಿಗೆ ಬಂದು ಹೋಗುವುದು ಅವರಿಗೆ ಹೊಸದಾಗಿರಲಿಲ್ಲ. ಅಂಗಳ ದಾಟಿ ಬಂದದ್ದು ಮಾತ್ರ ಭಾವನ ನೆನಪಿನಲ್ಲಿ ಇರಲಿಲ್ಲ.

2018ರ ಆಗಸ್ಟ್ 17, ತುಳುನಾಡಿನ ಲೆಕ್ಕದಲ್ಲಿ ಜಡಿಮಳೆಯ ಆಟಿ ತಿಂಗಳು ಮುಗಿದು ಸೋಣ ತಿಂಗಳು ಹುಟ್ಟುವ ದಿನ. ಕೊಡಗಿನ ಜೋಡುಪಾಲದ ಕಡೆ ಗುಡ್ಡಗಳು ಜರಿದಿದ್ದವು. ಅಲ್ಲಿಯ ಕೆಮ್ಮಣ್ಣನ್ನೂ ಮರದ ದಿಮ್ಮಿಗಳನ್ನೂ ಹೊತ್ತು ಪಯಸ್ವಿನಿ ಸುಳ್ಯದ ಮೇಲಿಂದ ಕೆಳಗೆ ಇಳಿದು ಬಂತು. ಸಂಜೆಗತ್ತಲೆಗೆ ನೆರೆಮನೆಯವರು ಫೋನಿನಲ್ಲಿ “ಹೊಳೆ ನಿಮ್ಮ ಹಟ್ಟಿಯ ಹತ್ತಿರ ಬಂತು” ಎಂದ ಮೇಲೆ ಮನೆಯವರಿಗೆ ಸಿಕ್ಕಿದ್ದು ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಅಕ್ಕ ಎರಡು ಚೀಲ ತುಂಬಿದಳು. ಒಂದರಲ್ಲಿ ಜಾಗದ ಕಾಗದಪತ್ರ, ಆಧಾರ್ ಕಾರ್ಡುಗಳು, ಚಿನ್ನ. ಇನ್ನೊಂದರಲ್ಲಿ ಸೊಸೆಯ ಮದುವೆಯ ಧಾರೆಸೀರೆ, ತನ್ನ ಎರಡು ರೇಷ್ಮೆ ಸೀರೆ, ಕೂಸಿನ ಒಂದು ಟೋಪಿ, ಯಾಕೆಂದು ಇವತ್ತಿಗೂ ಗೊತ್ತಿಲ್ಲದ ಒಂದು ಮೇಜುಹಾಸು. ಬೆಲೆಬಾಳುವುದನ್ನು ಉಳಿಸಬೇಕೆಂಬುದು ಕೈಗೆ ತಾನಾಗಿ ಹೊಳೆಯುವ ಬುದ್ಧಿ. ಉಡುವುದನ್ನು ಉಳಿಸಬೇಕೆಂಬುದು ಹಾಗೆ ಹೊಳೆಯುವುದಿಲ್ಲ. ಗುಡ್ಡೆಯ ಮೇಲಿರುವ ದಾಯಾದಿಗಳ ಮನೆಗೆ ಏರುವಷ್ಟರಲ್ಲಿ ಆರು ಮಂದಿಯೂ ಒಳಬಟ್ಟೆಯವರೆಗೆ ಒದ್ದೆಯಾಗಿದ್ದರು.

ಆ ಮನೆಯಲ್ಲಿ ನಾಲ್ಕು ರಾತ್ರಿ ಕಳೆದರು. ಊಟಕ್ಕೆ ಕೊರತೆಯಾಗಲಿಲ್ಲ, ಹಾಸಲು ಚಾಪೆಯಿತ್ತು, ದಾಯಾದಿಗಳು ಕಪಾಟು ತೆರೆದು “ಬೇಕಾದ್ದು ತೆಗೆದುಕೊಳ್ಳಿ” ಎಂದರು. ತೊಂದರೆ ಶುರುವಾದದ್ದೇ ಅಲ್ಲಿಂದ. ಸೀರೆ ಯಾರದ್ದಾದರೂ ಯಾರಿಗೂ ಆಗುತ್ತದೆ, ರವಿಕೆ ಆಗುವುದಿಲ್ಲ. ಪಂಚೆ, ಲುಂಗಿ, ಮೈ ಒರೆಸುವ ಬೈರಾಸು ಹಂಚಿಕೊಳ್ಳಬಹುದು, ಅಂಗಿಯನ್ನೂ ಹೇಗೋ ಸುಧಾರಿಸಬಹುದು. ಒಳಬಟ್ಟೆಯನ್ನು ಕೇಳುವುದಕ್ಕೂ ನಾಚಿಕೆ, ಕೊಡುವುದಕ್ಕೂ ನಾಚಿಕೆ. ಅಕ್ಕ ನಾಲ್ಕು ದಿನ ಭುಜ ಬಿಗಿಯುವ ರವಿಕೆಯಲ್ಲಿ ಕಳೆದಳು. ಮೊಲೆಯುಣಿಸುವ ಸೊಸೆಗೆ ಮುಂದೆ ಬಿಚ್ಚುವ ಉಡುಪು ಒಂದೂ ಸಿಗದೆ, ಹಿಂದೆ ಜಿಪ್ಪಿದ್ದ ಚೂಡಿದಾರವನ್ನು ಪ್ರತಿ ಸಲವೂ ಪೂರ್ತಿ ಮೇಲೆತ್ತಬೇಕಾಯಿತು. ಅತ್ತೆಯದು ಬೇರೆಯೇ ಕಥೆ. ಅವರಿಗೆ ಕೊಟ್ಟದ್ದು ನೈಟಿ. ಜೀವಮಾನದಲ್ಲಿ ನೈಟಿ ತೊಟ್ಟವರಲ್ಲ; ಬೇರೆಯವರ ಚಾವಡಿಯಲ್ಲಿ, ಗಂಡಸರ ಎದುರು ತೊಡುವ ಪ್ರಶ್ನೆಯೇ ಬರಲಿಲ್ಲ. “ಮೈಮೇಲೆಯೇ ಒಣಗುತ್ತದೆ” ಎಂದು ಒದ್ದೆ ಸೀರೆಯಲ್ಲೇ ಒಲೆಯ ಪಕ್ಕ ಕುಳಿತರು. ಒಣಗಲಿಲ್ಲ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚುರುಕಾಗಿ ಶಾಖವನ್ನು ಹೊರಗೆ ಸಾಗಿಸುತ್ತದೆ. ಒದ್ದೆ ಹತ್ತಿ ಮೈಗೆ ಅಂಟಿದರೆ ಆಗುವುದು ಅದೇ. ನಡುರಾತ್ರಿಯ ಹೊತ್ತಿಗೆ ಅವರಿಗೆ ನಡುಕ ಬಂತು, ಆಮೇಲೆ ಹದಿನೈದು ದಿನ ಕೆಮ್ಮು. ಒಣ ಬಟ್ಟೆ ಎರಡು ಗಜ ದೂರದಲ್ಲಿ ಮಡಚಿಟ್ಟಿತ್ತು ಎಂಬುದು ಈ ಪ್ರಕರಣದ ಎಲ್ಲಕ್ಕಿಂತ ಮುಖ್ಯ ಸಂಗತಿ ಎಂದು ನನ್ನ ಅಭಿಪ್ರಾಯ.

ಮೂರನೆಯ ದಿನ ನೆರವಿನ ಒಂದು ಗಂಟೂ ಬಂತು. ಯಾವ ಸಂಘದವರದೆಂದು ಹೇಳುವುದು ಬೇಡ. ಅವರ ಮನಸ್ಸು ಒಳ್ಳೆಯದೇ. ಬಿಚ್ಚಿದಾಗ ಸಿಕ್ಕಿದ್ದು ಜರಿಯಂಚಿನ ಒಂದು ಲಂಗ, ಮದುಮಗನ ಕೋಟು, ಗುಂಡಿಯಿಲ್ಲದ ಅಂಗಿಗಳು, ಜೊತೆಯಿಲ್ಲದ ಕಾಲುಚೀಲ. ಆ ವರ್ಷ ಕೇರಳದ ಸಂಗ್ರಹ ಕೇಂದ್ರಗಳು ಬಳಸಿದ ಬಟ್ಟೆ ಬೇಡ, ಹೊಸ ಒಳಬಟ್ಟೆ, ಲುಂಗಿ, ನೈಟಿ, ಸ್ಯಾನಿಟರಿ ಪ್ಯಾಡು ಕೊಡಿ ಎಂದು ಕೇಳಿಕೊಂಡದ್ದು ಸುಮ್ಮನೆ ಅಲ್ಲ. ನಾನು ಕಾಸರಗೋಡಿನಿಂದ ಕೊಂಡುಹೋದ ಬಟ್ಟೆಯೂ ಅಂಥ ಉಪಕಾರಕ್ಕೆ ಬರಲಿಲ್ಲ, ಅಳತೆ ಕೇಳದೆ ತಂದಿದ್ದೆ.

ನೀರಿಳಿದ ಮೇಲೆ ಮನೆಗೆ ಹೋದರೆ ಹಲಸಿನ ಮರದ ಕಪಾಟಿನ ಬಾಗಿಲು ಉಬ್ಬಿ ಬಿಗಿದುಕೊಂಡಿತ್ತು. ಅದನ್ನು ತೆರೆಯಲು ಬಡಗಿ ಸಿಕ್ಕುವಾಗ ಮತ್ತೆರಡು ದಿನ ಕಳೆದವು. ಕೆಳಗಿನ ಎರಡು ಅರೆಗಳಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ನೀರು ಮುಟ್ಟದ ಮೇಲಿನ ಅರೆಯ ಬಟ್ಟೆಗಳಲ್ಲಿ, ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದ ಹತ್ತಿ ಸೀರೆಗಳ ಮಡಿಕೆಗಳಲ್ಲಿ, ಕಪ್ಪು ಚುಕ್ಕೆಗಳು ಎದ್ದಿದ್ದವು. ಅವುಗಳಲ್ಲೊಂದು ಕಾಸರಗೋಡು ಸೀರೆ, ನಮ್ಮ ಜಿಲ್ಲೆಯ ಕೈಮಗ್ಗದವರು ನೇಯುವ, ಭೌಗೋಳಿಕ ಸೂಚ್ಯಂಕ ಪಡೆದ ಗಟ್ಟಿ ಹತ್ತಿಯ ಸೀರೆ. ಗಂಜಿ ಎಂದರೆ ಬೂಸಿಗೂ, ಅಂದರೆ ಬೂಷ್ಟಿಗೂ, ಬೆಳ್ಳಿಹುಳಕ್ಕೂ ಊಟ. ತೊಳೆದಾಗ ಚುಕ್ಕೆ ಮಾಸಿತು, ಹೋಗಲಿಲ್ಲ.

ಮುಂದಿನ ಮಳೆಗಾಲದ ಒಳಗೆ ಏನಾದರೂ ಮಾಡಬೇಕು ಎಂದಾಗ ನಾನು ಹೇಳಿದ ಉಪಾಯ ಸರಳವಾಗಿತ್ತು: ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರ ತುಂಬ ಬಟ್ಟೆ, ಡ್ರಮ್ಮು ಅಟ್ಟದ ಮೇಲೆ. ಭಾವ ತೋಟದ ಕೊಟ್ಟಿಗೆಯಿಂದ ಒಂದು ಹಳೆಯ ಡ್ರಮ್ಮು ತಂದು ತೊಳೆದರು. ಪ್ರತಿಯೊಬ್ಬರೂ ತಮಗೆ ಬೇಡವಾದದ್ದನ್ನು ತಂದು ಹಾಕಿದರು. ತುಂಬಿಸಿದ್ದು 2019ರ ಜೂನ್ ಮೂರನೆಯ ವಾರ. ಮಳೆ ಹಿಡಿದ ಮೇಲೆಯೇ ನೆರೆಯ ನೆನಪು ಬರುವುದು ತಾನೇ. ನಾಲ್ಕು ಹಿಡಿ ನುಸಿಗುಳಿಗೆ ಎರಚಿ, ಮುಚ್ಚಳ ಬಿಗಿದು, ನಾವೆಲ್ಲ ಬುದ್ಧಿವಂತರೆಂದು ಕಾಪಿ ಕುಡಿದೆವು.

ಆ ಆಗಸ್ಟಿನಲ್ಲಿ ಮತ್ತೆ ಜಿಲ್ಲೆಯಲ್ಲಿ ನೆರೆ ಬಂದರೂ ಈ ಮನೆಯ ಅಂಗಳಕ್ಕೆ ನೀರು ಏರಲಿಲ್ಲ. ಡ್ರಮ್ಮು ತೆರೆದದ್ದು ನವರಾತ್ರಿಯ ಹೊತ್ತಿಗೆ, ಮಗಳಿಗೆ ಏನೋ ಬೇಕಾಗಿ. ಮುಚ್ಚಳ ತೆಗೆದಾಗ ಬಂದ ವಾಸನೆ ಹಳೆಯ ಬಾವಿಯದು. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ಮೇಲಿನ ಬಟ್ಟೆಗಳಿಗೆ ಬೂಸು ಹಿಡಿದಿತ್ತು. ಕೆಳಗೆ ಹೋದಂತೆ ಭಾವನ ಬಿಳಿ ಪಂಚೆಗಳ ಮೇಲೆ ತೆಳು ನೀಲಿ-ಹಸಿರು ನಕ್ಷೆಗಳು: ಅದು ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಸಿಂಪಡಿಸುವ ಬೋರ್ಡೋ ದ್ರಾವಣ ಬೆರೆಸುವ ಡ್ರಮ್ಮು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ವರ್ಷಕ್ಕೆ ಎರಡು ಮೂರು ಸಲ ಕದಡುವ ಪಾತ್ರೆಯ ಗೋಡೆಯಲ್ಲಿ ಎಷ್ಟು ತೊಳೆದರೂ ತಾಮ್ರ ಉಳಿಯುತ್ತದೆ. ಒಳಗಿನ ಬೆವರು ಅದನ್ನು ಬಟ್ಟೆಗೆ ಇಳಿಸಿತ್ತು. ಕೂಸಿನ ಬಟ್ಟೆಗಳು ಕೂಸಿಗೆ ಮೊಣಕೈಯವರೆಗೆ ಬರುತ್ತಿದ್ದವು. ಒಳಬಟ್ಟೆಯ ಇಲಾಸ್ಟಿಕ್ ಎಳೆದರೆ ಹಿಂದೆ ಹೋಗುತ್ತಿರಲಿಲ್ಲ, ಯಾಕೆಂದರೆ ಹಾಕುವಾಗಲೇ ಅದು ಸತ್ತಿತ್ತು.

ಹೊರಗಿನಿಂದ ಒಂದು ಹನಿಯೂ ಒಳಗೆ ಹೋಗದ ಡ್ರಮ್ಮಿನಲ್ಲಿ ನೀರು ಎಲ್ಲಿಂದ ಬಂತು ಎಂಬುದು ನನಗೆ ಬಹಳ ದಿನ ಒಗಟಾಗಿತ್ತು. ಉತ್ತರ ಬಟ್ಟೆಯಲ್ಲೇ ಇದೆ. ನಾವು ಒಣಗಿದೆ ಎನ್ನುವ ಹತ್ತಿಯಲ್ಲೂ ನೀರಿರುತ್ತದೆ. ಜವಳಿಯವರು ಅಳೆಯುವಾಗ ಹಿಡಿಯುವ ಪ್ರಮಾಣಿತ ಹವೆಯಲ್ಲಿ, ಅಂದರೆ ಶೇಕಡ 65ರ ಆರ್ದ್ರತೆಯಲ್ಲಿ, ಹತ್ತಿ ತನ್ನ ತೂಕದ ಶೇಕಡ 8ರ ಹತ್ತಿರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಶೇಕಡ 0.4ರಷ್ಟು ಮಾತ್ರ. ಹತ್ತು ಕಿಲೋ ಹತ್ತಿಬಟ್ಟೆ ಎಂದರೆ ಹತ್ತಿರ ಹತ್ತಿರ ಮುಕ್ಕಾಲು ಲೀಟರು ನೀರು, ಅದೂ ಹವೆ ಸುಮಾರಾಗಿರುವಾಗ. ಜೂನಿನ ನಮ್ಮ ಹವೆಯಲ್ಲಿ ಅದಕ್ಕಿಂತ ಹೆಚ್ಚು. ಅಂಥ ಬಟ್ಟೆಯನ್ನು ಬಿಗಿ ಮುಚ್ಚಳದೊಳಗೆ ಹಾಕಿದರೆ ಮಳೆಗಾಲವನ್ನೇ ಒಳಗೆ ಹಾಕಿ ಮುಚ್ಚಿದಂತೆ. ಮುಚ್ಚಳ ಬಿಗಿಯಾದಷ್ಟೂ ಕೆಡುಕು ಹೆಚ್ಚು. ಎರಡನೆಯ ಪ್ರಯತ್ನದಲ್ಲಿ ಬದಲಾದ ಮೊದಲ ಸಂಗತಿ ಆದ್ದರಿಂದ ಡ್ರಮ್ಮಲ್ಲ, ತಿಂಗಳು. ಈಗ ಬಟ್ಟೆ ತುಂಬಿಸುವುದು ಶಿವರಾತ್ರಿಯ ಆಸುಪಾಸಿನಲ್ಲಿ, ಕುಂಭ ಮಾಸದ ಬಿಸಿಲಿಗೆ ಅಡಿಕೆ ಹರಡಿದ ಅಂಗಳದ ಅಂಚಿನಲ್ಲೇ ಬಟ್ಟೆಯನ್ನೂ ಇಡೀ ದಿನ ಹರಡಿ, ಮೂರು ಗಂಟೆಯ ಸುಡುಬಿಸಿಲು ಇಳಿಯುವ ಮೊದಲು ಒಳಗೆ ತಂದು, ಆರಿದ ಕೂಡಲೇ ಚೀಲಕ್ಕೆ ಹಾಕಿ. ಗಂಜಿ ಇಲ್ಲ. ಡ್ರಮ್ಮು ಹೊಸದು, ಐವತ್ತು ಲೀಟರಿನದು, ಕಬ್ಬಿಣದ ಪಟ್ಟಿಯಿಂದ ಬಿಗಿಯುವಂಥದ್ದು. ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳು. ಸೊಸೆ ಹಾಕಿದ ಒಂದು ಕಟ್ಟು ಲಾವಂಚದ ಬೇರು ಕೂಡ ಇದೆ, ಅದು ಪರಿಮಳಕ್ಕೆ.

ನುಸಿಗುಳಿಗೆಯನ್ನು ಬಿಟ್ಟುಬಿಟ್ಟೆವು. ಅದರಲ್ಲಿರುವ ನ್ಯಾಫ್ತಲೀನಿನ ಆವಿ ಹಿಡಿದ ಬಟ್ಟೆಯನ್ನು ತೊಡಿಸಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಯ ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಉಲ್ಬಣಿಸಬಹುದು. ಕೊರತೆ ಇದೆಯೋ ಇಲ್ಲವೋ ಎಂಬುದು ಪರೀಕ್ಷೆ ಮಾಡಿಸದೆ ತಿಳಿಯುವಂಥದ್ದಲ್ಲ. ನೆರೆಯ ರಾತ್ರಿ ಚೀಲ ಬಿಚ್ಚಿದ ತಕ್ಷಣ ತೊಡಿಸಬೇಕಾದ ಬಟ್ಟೆಯನ್ನು ತೊಳೆದು ಗಾಳಿಗೆ ಹಾಕುವ ಬಿಡುವೂ ಇರುವುದಿಲ್ಲ.

ಎಷ್ಟು ಜೊತೆ ಬೇಕು ಎಂಬುದರಲ್ಲಿ ನಮಗೆ ವಾದವಾಯಿತು. ಪರಿಹಾರ ಕಾರ್ಯಗಳಿಗೆ ಜಗತ್ತಿನಾದ್ಯಂತ ಆಧಾರವಾಗಿಟ್ಟುಕೊಳ್ಳುವ ಸ್ಫಿಯರ್ ಕೈಪಿಡಿಯ 2018ರ ಆವೃತ್ತಿಯು ಒಬ್ಬರಿಗೆ ಕನಿಷ್ಠ ಎರಡು ಪೂರ್ಣ ಜೊತೆ ಬಟ್ಟೆ, ಸರಿಯಾದ ಅಳತೆಯಲ್ಲಿ, ಅವರ ಸಂಸ್ಕೃತಿಗೂ ಹವಾಮಾನಕ್ಕೂ ಹೊಂದುವಂತೆ ಇರಬೇಕು ಎನ್ನುತ್ತದೆ. ಅತ್ತೆ ಆ ಪುಸ್ತಕ ನೋಡಿದವರಲ್ಲ, ಆದರೆ ಅದರ ಎರಡನೆಯ ಅರ್ಧವನ್ನು ಒಲೆಯ ಪಕ್ಕ ನಡುಗುತ್ತ ಬರೆದುಕೊಟ್ಟಂತೆ ಇದೆ. ಮೊದಲ ಅರ್ಧದ ಬಗ್ಗೆ ಅಕ್ಕನಿಗೆ ಒಪ್ಪಿಗೆಯಿರಲಿಲ್ಲ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ ಎಂಬ ಲೆಕ್ಕ ಬಿಸಿಲಿರುವ ಊರಿಗೆ ಸರಿ. ಆಟಿಯಲ್ಲಿ ದಪ್ಪ ಹತ್ತಿಯ ಬಟ್ಟೆ ಹಗ್ಗದ ಮೇಲೆ ಮೂರು ದಿನ ತೂಗಾಡಿದರೂ ಸೊಂಟದ ಪಟ್ಟಿ ತಣ್ಣಗೇ ಇರುತ್ತದೆ. ಮನೆಯಲ್ಲಾದರೆ ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿಗೆ ಹಾಕಿ ಹೊಗೆಯ ವಾಸನೆ ಸಹಿಸಿಕೊಂಡು ಉಡುತ್ತೇವೆ, ಅಡಿಕೆ ಒಣಗಿಸುವ ಗೂಡಿದ್ದವರು ಅದಕ್ಕೇ ನುಗ್ಗಿಸುತ್ತಾರೆ. ಬೇರೆಯವರ ಮನೆಯಲ್ಲೋ ಶಾಲೆಯ ಕೋಣೆಯಲ್ಲೋ ಅದು ಯಾವುದೂ ಇಲ್ಲ. ಒಣಗಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ನೋಡಿ ಅಕ್ಕ ತೀರ್ಮಾನಿಸಿದಳು: ಒಳಬಟ್ಟೆ ತಲಾ ನಾಲ್ಕು, ಹೊರಬಟ್ಟೆ ಬೇಗ ಒಣಗುವ ಮಿಶ್ರನೂಲಿನದಾದರೆ ಎರಡು, ಹತ್ತಿಯದೇ ಬೇಕೆಂದರೆ ಮೂರು.

ಬಟ್ಟೆಯ ಆಯ್ಕೆಯೂ ಇದೇ ಲೆಕ್ಕದಿಂದ ಹೊರಟಿತು. ಹತ್ತಿ ಎಂದರೆ ಒಳ್ಳೆಯದು, ಪಾಲಿಯೆಸ್ಟರ್ ಎಂದರೆ ಸೆಕೆ ಎಂಬ ನಮ್ಮ ವರ್ಷಪೂರ್ತಿಯ ನಂಬಿಕೆ ಆ ನಾಲ್ಕು ದಿನಗಳ ಮಟ್ಟಿಗೆ ತಲೆಕೆಳಗು. ಭಾವನಿಗೆ ಪಾಲಿಯೆಸ್ಟರಿನ ಎರಡು ಟ್ರ್ಯಾಕ್ ಪ್ಯಾಂಟು, ಅವರ ಗೊಣಗಾಟದ ನಡುವೆ. ಹಟ ಬಿಡದ್ದಕ್ಕೆ ಒಂದು ಬಣ್ಣದ ಲುಂಗಿ. ಬಿಳಿ ಪಂಚೆಗೆ ಪ್ರವೇಶವಿಲ್ಲ. ಒಳಬಟ್ಟೆ ಮಾತ್ರ ಹತ್ತಿಯದೇ, ತೆಳುವಾದದ್ದು, ಹೊಸದು, ಏಕೆಂದರೆ ತೊಡೆಸಂದಿಯಲ್ಲಿ ಒದ್ದೆ ನೈಲಾನು ಉಜ್ಜಿದರೆ ಎರಡನೆಯ ದಿನಕ್ಕೇ ಹುಣ್ಣು. ಮೈ ಒರೆಸಲು ಟರ್ಕಿ ಟವೆಲನ್ನು ಯಾರೂ ತರಬಾರದು ಎಂಬ ನಿಯಮವಾಯಿತು: ಒದ್ದೆಯಾದ ಟರ್ಕಿ ಟವೆಲು ಅರ್ಧ ಚೀಲದ ಭಾರ, ಒಣಗುವ ಹೆಸರೇ ಇಲ್ಲ. ನಮ್ಮ ತೆಳು ಬೈರಾಸು, ಮಲಯಾಳದ ತೋರ್ತ್, ಹಿಂಡಿ ಎರಡು ಸಲ ಕೊಡವಿದರೆ ಅರ್ಧ ಒಣಗಿದಂತೆಯೇ. ಮೈ ಒರೆಸಲು, ತಲೆಗೆ ಕಟ್ಟಲು, ಕೂಸನ್ನು ಸುತ್ತಲು, ಮರೆ ಕಟ್ಟಲು, ತುಂಡು ಮಾಡಿ ಮಡಚಲು. ಇಡೀ ಸಂಗ್ರಹದಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ವಸ್ತು ಇಲ್ಲ. ಹಳೆಯ ಪಂಚೆಗಳನ್ನೂ ಎಸೆಯಲಿಲ್ಲ. ತೊಳೆದು ತೊಳೆದು ತೆಳ್ಳಗಾದ ಪಂಚೆಯ ತುಂಡು ಕೂಸಿಗೆ ಹೊಸ ಬಟ್ಟೆಗಿಂತ ಮೃದು.

ಹೀಗೆ ವಿಂಗಡಿಸುತ್ತ ಹೋದಾಗ ಸಂಗ್ರಹ ತಾನಾಗಿ ಎರಡು ಭಾಗವಾಯಿತು. ಹೊಲಿಯದ ಬಟ್ಟೆ ಮನೆಯ ಸೊತ್ತು: ಬೈರಾಸು, ಲುಂಗಿ, ಎರಡು ತೆಳು ಸೀರೆ, ಹೊದಿಕೆಗಳು. ಇವನ್ನು ತಲೆಗೆ ಇಷ್ಟೆಂದು ಎಣಿಸದೆ ಒಟ್ಟಾಗಿ ಡ್ರಮ್ಮಿನ ತಳದಲ್ಲಿಟ್ಟರು. ಹೊಲಿದ ಬಟ್ಟೆ ಒಬ್ಬೊಬ್ಬರ ಸೊತ್ತು: ಅದು ಅವರವರ ಹೆಸರಿನ ಜಿಪ್ ಚೀಲದಲ್ಲಿ, ಅಳತೆ ಬರೆದ ಚೀಟಿಯೊಂದಿಗೆ, ಮೇಲ್ಗಡೆ. ನೀರು ಬಂದಾಗ ಡ್ರಮ್ಮನ್ನು ಹೊರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಚೀಲವನ್ನು ಬೆನ್ನಿನ ಬ್ಯಾಗಿಗೆ ಹಾಕಿಕೊಂಡು ಏರುತ್ತಾರೆ. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ, ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಮುನ್ಸೂಚನೆ ಇದ್ದಾಗ, ಚೀಲಗಳು ಅಟ್ಟದಿಂದ ಚಾವಡಿಯ ಗೂಟಕ್ಕೆ ಇಳಿಯುತ್ತವೆ. ಕೆಂಪು ಬಂದ ಮೇಲೆ ಏಣಿ ಹುಡುಕುವ ಕೆಲಸ ಇಟ್ಟುಕೊಳ್ಳಬಾರದು ಎಂಬುದು ಭಾವನ ಸೇರ್ಪಡೆ, ಅವರದು ಈ ವಿಷಯದಲ್ಲಿ ಅದೊಂದೇ ಮಾತು.

ಮಗಳ ಚೀಲದಲ್ಲಿ ಒಂದು ಜೊತೆ ಶಾಲೆಯ ಸಮವಸ್ತ್ರವಿದೆ. 2018ರಲ್ಲಿ ಸಮವಸ್ತ್ರ ಕೆಸರಿನಲ್ಲಿ ಹೋದದ್ದರಿಂದ ಶಾಲೆ ತೆರೆದ ಮೇಲೂ ಅವಳು ಒಂದು ವಾರ ಹೋಗಲಿಲ್ಲ. ಬಣ್ಣದ ಬಟ್ಟೆಯಲ್ಲಿ ಬರಬಹುದೆಂದು ಶಿಕ್ಷಕರು ಹೇಳಿದ್ದರು, ಅವಳೇ ಒಪ್ಪಲಿಲ್ಲ. ಮರುವರ್ಷ ಅವಳು ದೊಡ್ಡವಳಾದಳು, ಚೀಲಕ್ಕೆ ಪ್ಯಾಡುಗಳೂ ಕಪ್ಪು ಬಣ್ಣದ ಎರಡು ಪ್ಯಾಂಟುಗಳೂ ಸೇರಿದವು. ಕೂಸಿನ ಬಟ್ಟೆ ಯಾವಾಗಲೂ ಮುಂದಿನ ಅಳತೆಯದು, ಯಾಕೆಂದರೆ ಶಿವರಾತ್ರಿಗೆ ಹಿಡಿದದ್ದು ಆಟಿಗೆ ಹಿಡಿಯುವುದಿಲ್ಲ. ದೊಡ್ಡದನ್ನು ಮಡಚಬಹುದು, ಸಣ್ಣದನ್ನು ಎಳೆಯಲಾಗದು.

ಕಾಲಿಗೆ ಗಂಬೂಟು ಬೇಡವೆಂದೆವು. ತೋಟದ ಕೆಸರಿಗೆ ಅದು ಸರಿ, ಹರಿಯುವ ನೀರಿನಲ್ಲಿ ಮೇಲಿನಿಂದ ತುಂಬಿಕೊಂಡು ಕಾಲನ್ನು ಕಲ್ಲಾಗಿಸುತ್ತದೆ. ಹಿಂದೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ ಸಾಕು. ಬರಿಗಾಲಿನಲ್ಲಂತೂ ಯಾರೂ ಇಳಿಯಕೂಡದು. ನೆರೆನೀರಿನಲ್ಲಿ ಕಾಲಿನ ಸಣ್ಣ ಗಾಯದ ಮೂಲಕವೂ ಇಲಿಜ್ವರದ ರೋಗಾಣು ಒಳಹೋಗುತ್ತದೆ, 2018ರ ನೆರೆಯ ಬೆನ್ನಿಗೆ ಕೇರಳದಲ್ಲಿ ಅದು ಹರಡಿದ್ದೂ ಹಾಗೆಯೇ. ಕೊಡೆಯೂ ಪಟ್ಟಿಯಲ್ಲಿಲ್ಲ. ಕೂಸನ್ನೋ ಏಣಿಯನ್ನೋ ಹಿಡಿದವನಿಗೆ ಮೂರನೆಯ ಕೈ ಇರುವುದಿಲ್ಲ. ನೇಜಿ ನೆಡುವವರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಓಲೆಯ ಗೊರಬು ಎರಡೂ ಕೈಗಳನ್ನು ಬಿಡುವಾಗಿ ಇಡುತ್ತಿತ್ತು, ಅದರ ಜಾಗದಲ್ಲಿ ಈಗ ತಲೆಯಿಂದ ಇಳಿಬಿಡುವ ಪ್ಲಾಸ್ಟಿಕ್ ಮಳೆಯಂಗಿಗಳಿವೆ.

ಅತ್ತೆಯ ಚೀಲಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ನಾವು ಮೊದಲು ಅವರನ್ನು ನೈಟಿಗೆ ಒಪ್ಪಿಸಲು ನೋಡಿದೆವು; ಮೇಲೊಂದು ಬೈರಾಸು ಹೊದ್ದುಕೊಂಡರಾಯಿತು, ಊರಿನಲ್ಲೆಲ್ಲ ಹಾಗೆಯೇ ಎಂದೆವು. “ಊರಿನವರು ಉಡಲಿ” ಎಂದರು. ಕೊನೆಗೆ ಪೇಟೆಗೆ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಆರಿಸಲು ಬಿಟ್ಟಾಗ, ಅಂಗಡಿಯವನು ಹಾಸಿದ ಹದಿನೈದು ಸೀರೆಗಳನ್ನು ಬೆರಳ ನಡುವೆ ಹಿಡಿದು ಉಜ್ಜಿ ನೋಡಿ, ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಎರಡು ಸಾದಾ ಸೀರೆ ಆರಿಸಿದರು. ಮನೆಗೆ ಬಂದು ಅದರಲ್ಲೊಂದನ್ನೂ ತಮ್ಮ ಹತ್ತಿ ಸೀರೆಯೊಂದನ್ನೂ ನೀರಿನಲ್ಲಿ ಅದ್ದಿ, ಹಿಂಡಿ, ಜಗಲಿಯ ಹಗ್ಗದಲ್ಲಿ ಅಕ್ಕಪಕ್ಕ ಹಾಕಿದರು, ಹೊರಗೆ ಮಳೆ. ಊಟ ಮುಗಿಸಿ ಮಲಗಿ ಎದ್ದು ಸಂಜೆ ಮುಟ್ಟಿ ನೋಡಿದಾಗ ಹೊಸ ಸೀರೆಯ ಅಂಚು ಬಿಟ್ಟರೆ ಉಳಿದದ್ದು ಒಣಗಿತ್ತು, ಹಳೆಯದರ ತುದಿಯಿಂದ ಆಗಲೂ ಹನಿ ಇಳಿಯುತ್ತಿತ್ತು. ಏನೂ ಹೇಳದೆ ಹೊಸದನ್ನು ಮಡಚಿ ಅಕ್ಕನ ಕೈಗೆ ಕೊಟ್ಟರು. ಉಣ್ಣೆಯ ಒಂದು ಸ್ವೆಟರನ್ನು ತಾವಾಗಿ ಕೇಳಿ ಸೇರಿಸಿಕೊಂಡರು. ಉಣ್ಣೆ ತೇವವನ್ನು ಹೀರಿದರೂ ಬೆಚ್ಚಗೆ ಇರುತ್ತದೆ ಎಂಬುದು ಕಂಬಳಿ ಹೊದ್ದು ಬೆಳೆದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಲಂಗಕ್ಕೆ ಹೊಸ ಲಾಡಿ, ಸೂಜಿದಾರ, ಆರು ಪಿನ್ನು, ಇವು ಸಣ್ಣ ಡಬ್ಬಿಯಲ್ಲಿ.

ಉಳಿದದ್ದು ಪ್ರತಿ ವರ್ಷ ತೆರೆದು, ಬಿಸಿಲು ಕಾಣಿಸಿ, ಅಳತೆ ನೋಡಿ ಮತ್ತೆ ಮುಚ್ಚುವ ಕೆಲಸ. ಬಿತ್ತನೆಯ ಭತ್ತವನ್ನು ವರ್ಷ ವರ್ಷ ಬದಲಿಸುವಂತೆ ಒಳಬಟ್ಟೆಯನ್ನು ಬಳಕೆಗೆ ತೆಗೆದು ಹೊಸದನ್ನು ಇಡುತ್ತಾರೆ, ಆದ್ದರಿಂದ ವ್ಯರ್ಥವೆಂಬ ಮಾತಿಲ್ಲ. ಕೂಸು ಈಗ ಶಾಲೆಗೆ ಹೋಗುತ್ತಾನೆ, ಅವನ ಚೀಟಿಯಲ್ಲಿ ಅಳತೆಗಳು ಒಂದರ ಕೆಳಗೊಂದು ಹೊಡೆದುಹಾಕಿ ಬರೆದಿವೆ. ಹೋದ ಶಿವರಾತ್ರಿಗೆ ಡ್ರಮ್ಮು ತೆರೆದಾಗ ಅತ್ತೆ ತಮ್ಮ ಚೀಲದಿಂದ ರವಿಕೆ ತೆಗೆದು ಹುಕ್ಕು ಹಾಕಲು ನೋಡಿದರು. ಗಂಟುಕಟ್ಟಿದ ಬೆರಳುಗಳಿಗೆ ಹುಕ್ಕು ಸಿಗಲಿಲ್ಲ, ಎರಡನೆಯ ಸಲವೂ ಸಿಗಲಿಲ್ಲ. “ಕತ್ತಲಲ್ಲಿ ಹೇಗೆ ಹಾಕುವುದು ಇದನ್ನು?” ಎಂದು ಕೇಳಿ, ಎರಡೂ ರವಿಕೆಗಳಿಗೆ ದೊಡ್ಡ ಗುಂಡಿ ಹೊಲಿಸಲು ಕೊಟ್ಟಿದ್ದಾರೆ. ರವಿಕೆಗಳು ದರ್ಜಿಯ ಹತ್ತಿರ ಇವೆ. ಅವು ಬರುವವರೆಗೆ ಆ ಚೀಲದ ಜಿಪ್ಪನ್ನು ಅಕ್ಕ ಎಳೆದಿಲ್ಲ.